ತಪ್ಪು ಮೊದಲು, ಕೂಲಿ ಆಮೇಲೆ

ಸೊಸೆ ಅತ್ತೆಯ ಎಡಗೈ ಮಣಿಕಟ್ಟಿನಿಂದ ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಕೈ ತಣ್ಣಗಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ಎಳೆದರೆ ಚರ್ಮ ಜಗ್ಗೀತೆಂದು ಪ್ರತಿಯೊಂದನ್ನೂ ಮೆಲ್ಲಗೆ ಉರುಳಿಸಿ, ಹೆಬ್ಬೆರಳು ದಾಟಿಸಿ, ಪಕ್ಕದ ಸ್ಟೂಲಿನ ಮೇಲಿಡುತ್ತಿದ್ದಳು. ಮಂಚದ ಆ ಬದಿಯಲ್ಲಿ ನಾದಿನಿ ತಾಯಿಯ ಕೂದಲು ಬಾಚುತ್ತಿದ್ದಳು. ಏಳನೆಯದು ಹೊರಬಂದಾಗ ಮಣಿಕಟ್ಟಿನ ಸುತ್ತ ಒಂದು ತಗ್ಗು ಮಾತ್ರ ಉಳಿಯಿತು. ಇಪ್ಪತ್ತಾರು ವರ್ಷ ರಸೀದಿ ಕಟ್ಟಲು ಬ್ಯಾಂಡುಗಳನ್ನು ಅಲ್ಲೇ ಇಟ್ಟುಕೊಂಡು ಬಿದ್ದ ತಗ್ಗು.

ಹೊರಕೋಣೆಯಲ್ಲಿ ಮಗ ಕುರ್ಚಿ ಜೋಡಿಸುತ್ತಿದ್ದ. ಗೋಡೆಯ ಬದಿಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ಹನ್ನೊಂದು ಶೂ ಡಬ್ಬಿಗಳನ್ನು ಏನು ಮಾಡುವುದೆಂದು ತಿಳಿಯದೆ ಬಾಗಿಲಿಗೆ ಬಂದು ನಿಂತ.

“ಅವು ಅಲ್ಲೇ ಇರಲಿ. ತೆರಿಗೆ ಲೆಕ್ಕ ಕೊಡೋಕೆ ನಾಳೆ ಕೊನೇ ದಿನ” ಎಂದಳು ಹೆಂಡತಿ.

“ಅಮ್ಮಂಗೂ ಗೊತ್ತಿತ್ತಲ್ಲ. ಇನ್ನೆರಡು ದಿನ ತಡೀಬಾರದಿತ್ತಾ?”

ನಾದಿನಿ ಬಾಚಣಿಗೆ ನಿಲ್ಲಿಸಿದಳು. “ಅಮ್ಮ ಯಾವತ್ತು ಕೊನೇ ದಿನದವರೆಗೆ ಕಾದಿದಾಳೆ ಹೇಳಣ್ಣ” ಎಂದಳು. ಮೂವರೂ ನಕ್ಕರು. ಆಮೇಲೆ ಮಗ ಮುಖ ತಿರುಗಿಸಿಕೊಂಡು ಕುರ್ಚಿಗಳ ಕಡೆ ಹೋದ.

ಒಂದೊಂದು ಡಬ್ಬಿಯೂ ಒಬ್ಬೊಬ್ಬ ಮನೆ ಮಾಲೀಕರದು. ಮಾಲೀಕರೆಂದರೆ ದೊಡ್ಡವರೇನಲ್ಲ. ಅಂಗಡಿಯ ಮೇಲಿನ ಎರಡು ಕೋಣೆ, ಹಿತ್ತಿಲ ಕಡೆಯ ಒಂದು ಪಾಲು, ಸಾಲ ಮಾಡಿ ಕೊಂಡ ಒಂದು ಸಣ್ಣ ಮನೆ, ಇಷ್ಟನ್ನು ಬಾಡಿಗೆಗೆ ಕೊಟ್ಟವರು. ವರ್ಷಕ್ಕೊಮ್ಮೆ ಬಂದ ಬಾಡಿಗೆ, ಕಟ್ಟಿದ ಕಂದಾಯ, ರಿಪೇರಿಯ ಖರ್ಚು, ಸಾಲದ ಬಡ್ಡಿ ಎಲ್ಲ ಬರೆದು ತೆರಿಗೆ ಕಚೇರಿಗೆ ಕೊಡಬೇಕು. ಮುಖ್ಯರಸ್ತೆಯ ಆಡಿಟರ್ ಅಷ್ಟಕ್ಕೆ ಒಂದು ತಿಂಗಳ ಬಾಡಿಗೆ ಕೇಳುತ್ತಿದ್ದರು. ಜನ ಲೆಕ್ಕದಮ್ಮ ಎಂದು ಕರೆಯುತ್ತಿದ್ದ ಈ ಮನೆಯ ಅತ್ತೆ ಕೇಳುತ್ತಿದ್ದುದು ಅದರ ಕಾಲು ಭಾಗ. ಮಾಲೀಕರೂ ಜೊತೆಗೆ ಕೂತು ರಸೀದಿ ವಿಂಗಡಿಸಿದರೆ ಅದರಲ್ಲೂ ಅರ್ಧ. ಅದನ್ನು ಆಕೆ ಫೀಸು ಎನ್ನುತ್ತಿರಲಿಲ್ಲ. “ಫೀಸು ತಗೊಳ್ಳೋರಿಗೆ ಕೋಟು ಇರಬೇಕು. ನಂದು ಕೂಲಿ” ಎನ್ನುತ್ತಿದ್ದಳು.

ಒಂಬತ್ತಕ್ಕೆ ಜನ ಬರತೊಡಗಿದರು. ಬಂದವರು ಮೊದಲು ಒಳಗೆ ಹೋಗಿ ಮುಖ ನೋಡುತ್ತಿದ್ದರು, ಹೊರಗೆ ಬಂದು ಡಬ್ಬಿಗಳನ್ನು ನೋಡುತ್ತಿದ್ದರು. ತಮ್ಮ ಡಬ್ಬಿ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿ, ಹುಡುಕಿದ್ದಕ್ಕೆ ನಾಚಿಕೊಂಡು ನೆಲ ನೋಡುತ್ತಿದ್ದರು. ಟೀ ಲೋಟಗಳನ್ನು ಹಿಡಿದು ಓಡಾಡುತ್ತಿದ್ದ ಸೊಸೆಗೆ ಅದೆಲ್ಲ ಕಾಣುತ್ತಿತ್ತು.

“ಮೊದಲ ವರ್ಷ ನಾನು ಬಿಲ್ಲುಗಳನ್ನೆಲ್ಲ ಮೈದಾ ಚೀಲದಲ್ಲಿ ತುಂಬ್ಕೊಂಡು ಬಂದಿದ್ದೆ” ಎಂದ ಬೇಕರಿಯಾತ. ಬೇಕರಿಯ ಹಿಂದಿನ ಮನೆಯನ್ನು ಆತ ಬಾಡಿಗೆಗೆ ಕೊಟ್ಟಿದ್ದ. “ಚೀಲ ನೋಡಿ, ‘ಇದನ್ನ ನಾನು ಓದಬೇಕಾ, ನಾದಬೇಕಾ’ ಅಂದ್ರು.”

“ನನ್ನ ಕೈಬರಹ ನೋಡಿ, ‘ಔಷಧಿ ಅಂಗಡಿಯವನನ್ನ ಕರೆಸ್ತೀನಿ, ಅವನಿಗೇ ಅರ್ಥ ಆಗೋದು’ ಅಂದಿದ್ರು” ಎಂದರು ನಿವೃತ್ತ ನರ್ಸಮ್ಮ.

ನಗು ಹುಟ್ಟಿದ ಕಡೆಯೇ ತಗ್ಗಿತು. ಆಗ ಟೈಲರ್ ತಾತ ಗಂಟಲು ಸರಿಮಾಡಿಕೊಂಡರು. ಈ ಹನ್ನೊಂದು ಜನರಲ್ಲಿ ಹಿರಿಯರು ಅವರು. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಮೇಲೆ ಅಂಗಡಿಯ ಮೇಲಿನ ಎರಡು ಕೋಣೆಗಳ ಬಾಡಿಗೆಯೇ ಅವರ ಊಟ.

“ಹದಿನಾರು ವರ್ಷ. ನನ್ನ ಕತ್ತರಿ ತಪ್ಪಿದೆ, ಆಯಮ್ಮನ ಪೆನ್ನು ತಪ್ಪಿಲ್ಲ” ಎಂದರು.

ಎಲ್ಲರೂ ಹೌದೆಂದು ತಲೆಯಾಡಿಸಿದರು. ಸೊಸೆ ಲೋಟಗಳಿದ್ದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

•

ಗಂಡ ಸತ್ತಾಗ ಲೆಕ್ಕದಮ್ಮನಿಗೆ ಉಳಿದದ್ದು ಇಬ್ಬರು ಮಕ್ಕಳು, ಬಾಡಿಗೆಗೆ ಕೊಟ್ಟಿದ್ದ ಈ ಮನೆಯ ಹಿಂಭಾಗದ ಪಾಲು. ಆ ವರ್ಷ ತೆರಿಗೆಯ ಕಾಗದ ಬರೆಸಲು ಆಡಿಟರ ಬಳಿ ಹೋದಳು. ಒಂದು ತಿಂಗಳ ಬಾಡಿಗೆ ಅಲ್ಲೇ ಕರಗಿತು, ಮಗ ಆ ವರ್ಷವೆಲ್ಲ ಬೆರಳು ಕಾಣುವ ಶೂ ಹಾಕಿಕೊಂಡು ಶಾಲೆಗೆ ಹೋದ. ಮರುವರ್ಷ ಆಕೆ ನೇರ ತೆರಿಗೆ ಕಚೇರಿಯ ಕಿಟಕಿಗೆ ಹೋಗಿ ನಿಂತಳು. ಹಿಂದೆ ಉದ್ದದ ಸಾಲು ಇತ್ತು. ಗುಮಾಸ್ತ, “ಒಬ್ಬರಿಗೆ ಒಂದೇ ಪ್ರಶ್ನೆ” ಎಂದ. ಆಕೆ ಒಂದೇ ಕೇಳಿ ಮನೆಗೆ ಬಂದಳು. ಮರುದಿನ ಮತ್ತೊಂದು. ಹತ್ತೊಂಬತ್ತು ದಿನ ಹಾಗೆಯೇ ಹೋದಳು. ಇಪ್ಪತ್ತನೆಯ ದಿನ ಗುಮಾಸ್ತ ಎದ್ದು ನಿಂತು, “ಬನ್ನಿ, ನೀವೇ ಇಲ್ಲಿ ಕೂತ್ಕೊಳ್ಳಿ, ನಾನು ಟೀ ಕುಡ್ಕೊಂಡು ಬರ್ತೀನಿ” ಎಂದನಂತೆ.

ಆಮೇಲೆ ಲೆಕ್ಕ ಬರೆಸಲು ಪಕ್ಕದ ಮನೆಯವರು ಬಂದರು, ಅವರ ತಮ್ಮ ಬಂದ. ಮೂರನೆಯ ವರ್ಷ ಒಬ್ಬರ ಲೆಕ್ಕದಲ್ಲಿ ಬಾವಿ ಪಂಪಿನ ರಿಪೇರಿ ಬಿಟ್ಟುಹೋಯಿತು. ಅವರಿಗದು ಗೊತ್ತೇ ಇರಲಿಲ್ಲ. ಲೆಕ್ಕದಮ್ಮ ತಾನೇ ಹೋಗಿ ಹೇಳಿ, ಅವರಿಗಾದ ನಷ್ಟವನ್ನು ತನ್ನ ಕೂಲಿಯಲ್ಲಿ ಮುರಿದುಕೊಂಡಳು. ಅಂದಿನಿಂದ ಮಾಲೀಕರಿಗೆ ಬರೆದುಕೊಡುವ ಕೂಲಿ ಚೀಟಿಯ ಮೊದಲ ಸಾಲು ಬದಲಾಗಲಿಲ್ಲ. ‘ಹೋದ ವರ್ಷ ನನ್ನಿಂದಾದ ತಪ್ಪು.’ ಕೂಲಿ ಎಷ್ಟೆಂಬುದು ಅದರ ಕೆಳಗೆ.

ತಪ್ಪು ಇಲ್ಲದ ವರ್ಷ ಅಲ್ಲಿ ‘ಕಂಡಿಲ್ಲ’ ಎಂದು ಬರೆಯುತ್ತಿದ್ದಳು.

“ಇಲ್ಲ ಅಂತಲೇ ಬರೀಬಹುದಲ್ಲತ್ತೆ” ಎಂದು ಸೊಸೆ ಒಮ್ಮೆ ಕೇಳಿದ್ದಳು.

“ಇಲ್ಲ ಅನ್ನೋಕೆ ನಾನ್ಯಾರು? ನನಗೆ ಕಂಡಿಲ್ಲ, ಅಷ್ಟೇ.”

ಸೊಸೆ ಮದುವೆಯಾಗಿ ಬಂದಾಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದರೆ ನಕ್ಕು ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆ ಕರೆದು ಬಿಲ್ಲುಗಳ ರಾಶಿಯ ಮುಂದೆ ಕೂರಿಸಿದಳು. ಗಂಟೆಯ ನಂತರ ಸೊಸೆ ಎರಡು ಬಿಲ್ಲುಗಳನ್ನು ಪಕ್ಕಕ್ಕೆ ಸರಿಸಿದ್ದಳು. ಎರಡೂ ಒಂದೇ ಪೇಂಟ್ ಅಂಗಡಿಯವು, ಎರಡರಲ್ಲೂ ಭಾನುವಾರದ ತಾರೀಕು. ಆ ಅಂಗಡಿ ಭಾನುವಾರ ತೆಗೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅತ್ತೆ ಕನ್ನಡಕ ತೆಗೆದು ಅವಳನ್ನು ನೋಡಿದಳು. “ಓದಿದೋರು ಮೊತ್ತ ನೋಡ್ತಾರೆ. ನೀನು ತಾರೀಕು ನೋಡ್ತೀಯ. ಎಲ್ಲಿ ಕಲ್ತೆ?”

“ಎಲ್ಲೂ ಕಲ್ತಿಲ್ಲ” ಎಂದಳು ಸೊಸೆ. ಅವಳು ತನ್ನ ಶಾಲೆಯ ವಿಷಯ ಆ ಮನೆಯಲ್ಲಿ ಹೇಳಿದ್ದು ಹಾಗೆ.

“ಒಳ್ಳೇದಾಯ್ತು. ಯಾರೂ ಕೆಡಿಸಿಲ್ಲ” ಎಂದು ಅತ್ತೆ ಮತ್ತೊಂದು ಡಬ್ಬಿ ಅವಳ ಕಡೆ ತಳ್ಳಿದಳು.

•

ಮಣ್ಣು ಮುಗಿಸಿ ಬಂದಾಗ ಮೂರು ಗಂಟೆ. ಜನ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಹೊರಕೋಣೆಯಲ್ಲಿ ಒಬ್ಬೊಬ್ಬರಾಗಿ ಕೂತು ಕೈ ಉಜ್ಜಿಕೊಳ್ಳುತ್ತಿದ್ದರು. ಕೇಳುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಆಡಿಟರೇ ಅವರ ಕಷ್ಟ ಕಡಿಮೆ ಮಾಡಿದರು. ಅವರೂ ಮಣ್ಣಿಗೆ ಬಂದಿದ್ದರು, ಅಂಗಿಯ ತೋಳು ಮಡಚಿಕೊಂಡು ನಾಲ್ಕು ಹಿಡಿ ಹೆಚ್ಚೇ ಹಾಕಿದ್ದರು.

“ನಿಮ್ಮಮ್ಮ ಇಪ್ಪತ್ತಾರು ವರ್ಷ ನನ್ನ ಹೊಟ್ಟೆ ಮೇಲೆ ಹೊಡೆದ್ರು” ಎಂದರು ಮಗನಿಗೆ. “ಆದ್ರೆ ಅವರ ಕಾಗದ ನನ್ನ ಕೈಗೆ ಬಂದಾಗೆಲ್ಲ ನಮ್ಮ ಹುಡುಗರಿಗೆ ತೋರಿಸ್ತಿದ್ದೆ, ಹೀಗೆ ಬರೀರಿ ಅಂತ. ಈಗ ಈ ಹನ್ನೊಂದನ್ನೂ ನನ್ನ ಕಚೇರಿಗೆ ಕಳಿಸಿ. ಆರು ಜನ ಇದೀವಿ, ನಾಳೆ ಸಂಜೆಯೊಳಗೆ ಆಗುತ್ತೆ. ಈ ವರ್ಷ ಅರ್ಧ ಫೀಸು ಸಾಕು. ಮುಂದಿನ ವರ್ಷದಿಂದ ಮಾಮೂಲು.”

ಮಗ ಉಸಿರು ಬಿಟ್ಟ. ನರ್ಸಮ್ಮ ಬೆರಳು ಮಡಚಿ ಏನೋ ಕೂಡಿಸಿಕೊಂಡರು. ಮುಂದಿನ ವರ್ಷದ ಒಂದು ತಿಂಗಳ ಬಾಡಿಗೆ ಅವರ ಲೆಕ್ಕದಲ್ಲಿ ಆಗಲೇ ಹೋಗಿತ್ತು.

“ಆಯ್ತು ಸಾರ್. ಇಲ್ಲಿ ಇನ್ಯಾರು ಮಾಡ್ತಾರೆ?” ಎಂದ ಮಗ.

ಅಡುಗೆಮನೆಯ ಬಾಗಿಲಲ್ಲಿದ್ದ ಸೊಸೆಗೆ ಅದು ಕೇಳಿಸಿತು. ಹನ್ನೊಂದರಲ್ಲಿ ಏಳು ಡಬ್ಬಿಗಳ ಲೆಕ್ಕವನ್ನು ಈ ವರ್ಷ ಮೊದಲಿಂದ ಕೊನೆವರೆಗೆ ಅವಳೇ ಬರೆದಿದ್ದಳು. ಅತ್ತೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳಿ, “ಮುಂದೆ” ಎನ್ನುತ್ತಿದ್ದಳು. ಅದು ಅತ್ತೆ ಸೊಸೆ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಹೇಳಬಹುದಿತ್ತು. ಆದರೆ ಅದಕ್ಕಿಂತ ಮೊದಲು ಹೇಳಬೇಕಾದ ಇನ್ನೊಂದಿತ್ತು. ನಾಲ್ಕು ದಿನದ ಹಿಂದೆ ಟೈಲರ್ ತಾತನ ಡಬ್ಬಿಯಲ್ಲಿ ಅವಳಿಗೆ ತಾಳೆಯಾಗದ ಒಂದು ತಾರೀಕು ಕಂಡಿತ್ತು. ಹೋದ ವರ್ಷ ಅತ್ತೆ ಆಸ್ಪತ್ರೆಯಿಂದ ಬಂದ ವಾರವೇ ಬರೆದ ಲೆಕ್ಕ ಅದು. ಅತ್ತೆಗೆ ಹೇಳಲು ಎರಡು ಸಲ ಮಂಚದ ಬಳಿ ಹೋಗಿ, ಎರಡು ಸಲವೂ ನೀರು ಕುಡಿಸಿ ಬಂದಿದ್ದಳು. ಹೋದ ವರ್ಷದ್ದನ್ನು ತಿದ್ದಿ ಕೊಡುವುದಕ್ಕೂ ನಾಳೆಯೇ ಕೊನೆ. ಸುಮ್ಮನಿದ್ದರೆ ತಾತನ ದುಡ್ಡು ಮುಳುಗಿತು. ಹೇಳಿದರೆ, ತಪ್ಪು ಮಾಡಿದವರ ಬಳಿ ಕಲಿತವಳ ಕೈಗೆ ಡಬ್ಬಿ ಕೊಡುವವರು ಯಾರು?

ಮಗ ಡಬ್ಬಿಗಳನ್ನು ಎತ್ತಲು ಬಗ್ಗಿದ.

“ಒಂದ್ನಿಮಿಷ” ಎಂದಳು ಸೊಸೆ. ಅವಳ ದನಿ ಕೇಳಿ ಅಭ್ಯಾಸವಿಲ್ಲದ ಜನ ಯಾರು ಮಾತಾಡಿದ್ದೆಂದು ಸುತ್ತ ನೋಡಿದರು. ಅವಳು ನೆಲ ನೋಡುತ್ತಲೇ ಹೇಳಿದಳು. “ತಾತ, ನಿಮ್ಮ ಲೆಕ್ಕದಲ್ಲಿ ಹೋದ ವರ್ಷ ತಪ್ಪಾಗಿದೆ.”

ಕೋಣೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು.

“ಮೇಲಿನ ಕೋಣೆಗೆ ಹೊಸಬರು ಬಂದ್ರಲ್ಲ, ಅವರು ಕೊಟ್ಟ ಅಡ್ವಾನ್ಸನ್ನ ಬಾಡಿಗೆ ಅಂತ ಬರೆದುಬಿಟ್ಟಿದೆ. ಅಡ್ವಾನ್ಸು ವಾಪಸ್ ಕೊಡೋ ದುಡ್ಡು, ನಿಮ್ಮ ಆದಾಯ ಅಲ್ಲ. ರಸೀದಿ ಹದಿನೆಂಟನೇ ತಾರೀಕಿಂದು, ಅವರು ಮನೆಗೆ ಬಂದಿದ್ದು ಮುಂದಿನ ತಿಂಗಳು ಒಂದಕ್ಕೆ. ಬರೋಕೆ ಮೊದಲೇ ಯಾರೂ ಬಾಡಿಗೆ ಕೊಡಲ್ಲ. ನೀವು ನಾಲ್ಕು ಸಾವಿರದ ಇನ್ನೂರು ಹೆಚ್ಚಿಗೆ ತೆರಿಗೆ ಕಟ್ಟಿದೀರ.”

“ಅತ್ತಿಗೆ” ಎಂದಳು ನಾದಿನಿ. ಅವಳ ಕಣ್ಣು ಕೆಂಪಾಗಿತ್ತು. “ಅಮ್ಮನ್ನ ಮಣ್ಣಲ್ಲಿಟ್ಟು ಒಂದು ಗಂಟೆ ಆಗಿಲ್ಲ. ಇವತ್ತೇ ಬೇಕಿತ್ತಾ ಇದು?”

“ನಾಡಿದ್ದು ಹೇಳಿದ್ರೆ ಪ್ರಯೋಜನ ಇಲ್ಲ.”

“ಎಲ್ಲರ ಮುಂದೆ?”

ಸೊಸೆ ಮೇಜಿನ ಬಳಿ ಹೋಗಿ, ಅತ್ತೆಯ ಚೀಟಿ ಪುಸ್ತಕ ತೆಗೆದು, ನಿಂತುಕೊಂಡೇ ಬರೆದಳು. ಹೋದ ವರ್ಷ ನನ್ನಿಂದಾದ ತಪ್ಪು, ಅಡ್ವಾನ್ಸನ್ನು ಬಾಡಿಗೆ ಎಂದು ಬರೆದದ್ದು. ಕೆಳಗೆ, ಈ ವರ್ಷದ ಕೂಲಿ ಇಲ್ಲ. ಅದರ ಕೆಳಗೆ, ತಿದ್ದಿದ ಮೇಲೂ ದುಡ್ಡು ವಾಪಸ್ ಬರದಿದ್ದರೆ ನಾಲ್ಕು ಸಾವಿರದ ಇನ್ನೂರು ಈ ಮನೆಯಿಂದ. ಹರಿದು ತಾತನ ಕೈಗೆ ಕೊಟ್ಟಳು.

ತಾತ ಚೀಟಿಯನ್ನು ತೋಳುದ್ದ ಹಿಡಿದು ಓದಿದರು. ತುಂಬ ಹೊತ್ತು ಓದಿದರು.

“ನನ್ನಿಂದ ಅಂತ ಬರೆದಿದೀಯಲ್ಲಮ್ಮ. ನೀನು ಮಾಡಿದ್ದಲ್ಲವಲ್ಲ.”

“ಪಕ್ಕದಲ್ಲಿ ನಾನೂ ಕೂತಿದ್ದೆ” ಎಂದಳು.

ಆಡಿಟರ್ ಕೈಚಾಚಿ ಚೀಟಿ ತೆಗೆದುಕೊಂಡರು. ಅಡ್ವಾನ್ಸು ಎಷ್ಟೆಂದು ಕೇಳಿ ಫೋನಿನಲ್ಲಿ ಲೆಕ್ಕ ಹಾಕಿದರು, ಮತ್ತೊಮ್ಮೆ ಹಾಕಿದರು. “ಸರಿಯಿದೆ” ಎಂದು ಹಿಂದಕ್ಕೆ ಕೊಟ್ಟರು. “ಇದು ನನ್ನ ಹುಡುಗರ ಕಣ್ಣಿಗೆ ಬೀಳ್ತಿತ್ತು ಅಂತ ನಾನು ಹೇಳಲಾರೆ.”

ತಾತ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಇಳಿಸಿ, ಜೇಬಿನ ಮೇಲೆ ಒಮ್ಮೆ ಅಂಗೈಯಿಂದ ಇಸ್ತ್ರಿ ಹಾಕಿದಂತೆ ಸವರಿದರು.

“ಐವತ್ತು ವರ್ಷ ಬಟ್ಟೆ ಹೊಲಿದೆ. ಅಳತೆ ತಪ್ಪಿದೆ ಅಂತ ಗಿರಾಕಿಗೆ ತಾನಾಗೇ ಹೇಳಿದ ಟೈಲರನ್ನ ನೋಡಿಲ್ಲ. ನಾನೂ ಹೇಳಿದೋನಲ್ಲ. ತೊಳೆದಾಗ ಸಡಿಲ ಆಗುತ್ತೆ ಅಂತಿದ್ದೆ.” ಅವರು ಎದ್ದರು. “ನನ್ನ ಡಬ್ಬಿ ಯಾವುದು?”

ಸೊಸೆ ತೋರಿಸಿದಳು. ಅವರು ಅದನ್ನು ಆಡಿಟರ ಕೈಗೆ ಕೊಡುತ್ತಾರೆಂದು ಅವಳಿಗೆ ಅನ್ನಿಸಿತು. ತಾತ ಡಬ್ಬಿ ಎತ್ತಿಕೊಂಡು, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತು, ಮುಚ್ಚಳ ತೆಗೆದರು.

“ಏನು ಮೊದಲು ತೆಗೀಬೇಕು ಹೇಳು. ಕಣ್ಣು ಕಾಣಲ್ಲ, ದೊಡ್ಡ ಕಾಗದಾನ ನನಗೆ ಕೊಡು.”

“ಹನ್ನೊಂದೂ ನಾಳೆಯೊಳಗೆ ಆಗುತ್ತಾಮ್ಮ?” ಎಂದರು ಆಡಿಟರ್.

“ಏಳು ಬರೆದಾಗಿದೆ ಸಾರ್, ಒಂದ್ಸಲ ತಾಳೆ ನೋಡ್ಬೇಕು. ನಾಲ್ಕು ಉಳಿದಿದೆ” ಎಂದಳು. “ನಾನೇ ಬರೆದಿದ್ದು.”

“ನೀನೇ?” ಎಂದರು ನರ್ಸಮ್ಮ. “ನಂದೂ?”

“ಹೂಂ. ನಿಮ್ಮ ಕೈಬರಹ ನನಗೆ ಓದೋಕೆ ಬರುತ್ತೆ.”

ಬೇಕರಿಯಾತ ಮೊದಲು ನಕ್ಕ. ನರ್ಸಮ್ಮ ಕುರ್ಚಿಯನ್ನು ಗೋಡೆಗೆ ಸರಿಸಿ ನೆಲಕ್ಕಿಳಿದು ಕೂತರು. ಲೆಕ್ಕ ಉಳಿದಿದ್ದವರು ಹೊರಗೆ ಹೋಗಿ ತಮ್ಮ ಗಾಡಿಗಳಲ್ಲಿ ಬಿಟ್ಟುಬಂದಿದ್ದ ಉಳಿದ ರಸೀದಿಗಳ ಕಟ್ಟುಗಳನ್ನು ಒಬ್ಬೊಬ್ಬರೇ ತಂದರು. ಬೆಳಿಗ್ಗೆ ಅವನ್ನು ಒಳಗೆ ತರಲು ನಾಚಿದ್ದರು. ಆಡಿಟರ್ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ನನ್ನ ಗಿರಾಕಿಗಳೂ ಇಲ್ಲಿಗೆ ಬರೋ ಮೊದಲು ನಾನು ಹೊರಡ್ತೀನಪ್ಪ” ಎಂದರು ಮಗನಿಗೆ. ಮಗ ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿ, ಕುರ್ಚಿಗಳನ್ನೆಲ್ಲ ಮಡಚತೊಡಗಿದ.

ನಾದಿನಿ ಒಳಗೆ ತಾಯಿಯ ಖಾಲಿ ಮಂಚದ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದಳು. ಯಾರ ಕಡೆಯೂ ನೋಡದೆ ಬೇಕರಿಯಾತನ ಪಕ್ಕ ಕೂತು, “ಇದು ನಿಮ್ಮ ಅಂಗಡಿ ಬಿಲ್ಲು ಮಾವ, ಬಾಡಿಗೆ ಮನೇದಲ್ಲ. ಅಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ಲು” ಎಂದು ಒಂದು ಕಾಗದ ಹಿಂದಕ್ಕೆ ಕೊಟ್ಟಳು.

ಐದು ಗಂಟೆಯ ಹೊತ್ತಿಗೆ ನೆಲ ಕಾಣುತ್ತಿರಲಿಲ್ಲ. ನೀರಿನ ಬಿಲ್ಲುಗಳು ಒಂದು ಕಡೆ, ಕಂದಾಯದ ರಸೀದಿಗಳು ಒಂದು ಕಡೆ. ಅವುಗಳ ನಡುವೆ ಮಂಡಿಗಳು, ಬಾಗಿದ ಬೆನ್ನುಗಳು, ಬೆರಳಿಗೆ ಎಂಜಲು ಹಚ್ಚಿ ಕಾಗದ ಮಗುಚುವ ಸದ್ದು. ತಾತ ತುಟಿ ಅಲ್ಲಾಡಿಸುತ್ತ ತಾರೀಕು ಓದುತ್ತಿದ್ದರು. ಸೊಸೆ ಗೋಡೆಯ ಬಳಿ ಉಳಿದಿದ್ದ ಕೊನೆಯ ಡಬ್ಬಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ತಿರುಗಿದಳು. ಮೇಜು ಕೋಣೆಯ ಆ ಕೊನೆಯಲ್ಲಿತ್ತು. ಹೆಜ್ಜೆ ಇಡಲು ಎಲ್ಲೂ ಜಾಗವಿರಲಿಲ್ಲ. ಅವಳು ಒಂದು ಕಾಲೆತ್ತಿ, ಮತ್ತೆ ಅಲ್ಲೇ ಇಟ್ಟಳು.

“ಸ್ವಲ್ಪ ದಾರಿ ಬಿಡಿ” ಎಂದಳು.

ಯಾರೂ ಕಾಗದದಿಂದ ತಲೆ ಎತ್ತಲಿಲ್ಲ.