ಒಟ್ಟಿಗೆ ಉಣ್ಣುವ ಮನೆ

ಅಡುಗೆಮನೆಯ ಬಾಗಿಲಿಗೆ ಬೀಗ, ಹಗಲು ಹೊತ್ತಿನಲ್ಲಿ, ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಇರುವಾಗ — ಇಲಿ ಕಾಟವಿರಬಹುದು, ಇಲಿಗೆ ಯಾರಾದರೂ ಬೀಗ ಹಾಕುತ್ತಾರೆಯೇ, ನೋಡಬೇಡ ಆ ಕಡೆ, ನನ್ನ ಕಣ್ಣು ಎಲ್ಲಿ ಹೋಗುತ್ತದೆಂದು ಅವನು ನೋಡುತ್ತಿದ್ದಾನೆ, ನಗುತ್ತ, ನಮ್ಮಲ್ಲಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂರೋದು ಮೇಡಂ, ನಿಮ್ಮ ಪುಸ್ತಕದಲ್ಲಿ ಇರೋ ಹಾಗೇ, ಎನ್ನುತ್ತಾನೆ, ಪಕ್ಕದಲ್ಲಿ ಹೆಂಡತಿ ತಲೆಯಾಡಿಸುತ್ತಾಳೆ, ಸಮೀಕ್ಷೆಗೆಂದು ನಾನು ಅವಳನ್ನು ಕೇಳಿದ್ದಕ್ಕೆಲ್ಲ ಉತ್ತರ ಅವನದೇ, ಅವಳಿಗೆ ತಲೆನೋವು ಬರುತ್ತದೆಯೇ ಎಂಬುದಕ್ಕೂ. ನನ್ನ ಪುಸ್ತಕ. ಒಟ್ಟಿಗೆ ಉಣ್ಣುವ ಮನೆ ನೆಮ್ಮದಿಯ ಮನೆ — ಆ ಒಂದು ಮಾತಿನಿಂದಲೇ ನಾನು ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದದ್ದು, ಟೀವಿಯಲ್ಲಿ ಕೂತು ಮಾತಾಡಿದ್ದು, ಸಹೋದ್ಯೋಗಿಗಳು ಬೆನ್ನ ಹಿಂದೆ ಊಟದ ಮೇಡಂ ಎಂದು ನಗುವುದು, ಮನೆಯಲ್ಲಿ ನನ್ನ ಗಂಡನೂ ಅದನ್ನೇ ಹಿಡಿದು, ಊಟದ ಮೇಡಂ, ಇವತ್ತಾದ್ರೂ ಜೊತೆಗೆ ಕೂರ್ತೀರಾ, ಎನ್ನುವುದು — ಹೋದ ಸಲ ಬಂದಾಗ ಈ ಬೀಗ ಇತ್ತೇ, ಇದ್ದಿರಬೇಕು, ಸಾಲಾಗಿಟ್ಟ ತಟ್ಟೆಗಳನ್ನು ನೋಡಿ ಖುಷಿಪಟ್ಟೆ, ಬಾಗಿಲ ಕಡೆ ತಿರುಗಲೇ ಇಲ್ಲ. ಅವನ ಫೋನು ಹೊಡೆದುಕೊಳ್ಳುತ್ತದೆ, ಒಳಗೆ ಸಿಗ್ನಲ್ ಸರಿಯಿಲ್ಲ, ಬಾಲ್ಕನಿಗೆ ಹೋದ, ಗಾಜಿನ ಆಚೆ ಅವನ ಬೆನ್ನು, ಆ ಬೆನ್ನು ತಿರುಗಿತೆಂದರೆ ಮುಗಿಯಿತು, ಅವಳು ತುಟಿ ಅಲುಗಿಸದೆ, ಬೀಗದಕೈ ಅವರ ಹತ್ರಾನೇ ಅಕ್ಕ, ಅವರು ಬಂದ ಮೇಲೇ ನಮಗೆ ಊಟ, ನಿನ್ನೆ ಮಗಳು ಪಕ್ಕದ ಮನೇಲಿ ಬಿಸ್ಕೆಟ್ ತಿಂದ್ಲು ಅಂತ — ಗಾಜಿನ ಕಡೆ ಕಣ್ಣು ಹಾಯಿಸಿದಳು — ನನ್ನನ್ನ ಹೊರಗೆ ಕರ್ಕೊಂಡು ಹೋಗಿ, ಮಗಳು ಸ್ಕೂಲಲ್ಲಿದಾಳೆ, ಈಗಲೇ ಆದ್ರೆ ಆಗುತ್ತೆ.

ಮೇಡಂ ಅಲ್ಲ, ಅಕ್ಕ. ನೋಡು, ಕೇಳು, ಕೈ ಹಾಕಬೇಡ, ಎನ್ನುತ್ತಿದ್ದರು ನನ್ನ ಗುರುಗಳು, ಒಬ್ಬರ ಸಂಸಾರಕ್ಕೆ ಕೈ ಹಾಕಿದವಳು ಸಂಶೋಧಕಿಯಲ್ಲ, ಅವರೇ ಬಂದು ಈ ಸೋಫಾದಲ್ಲಿ ಕೂರಲಿ, ಅವನು ಬಾಗಿಲಿಗೆ ಅಡ್ಡ ನಿಂತರೆ, ನನಗೂ ಮಗಳಿದ್ದಾಳೆ, ಮತ್ತೆ ಆ ಉಳಿದ ಮನೆಗಳು, ನಾನು ನೆಮ್ಮದಿಯೆಂದು ಬರೆದ ಮನೆಗಳು, ಅಲ್ಲೆಲ್ಲ ಯಾರು ಯಾರಿಗೆ ಹೆದರಿ ಹಸಿದು ಕೂತಿದ್ದರೋ — ಬಂದ. ಸುಳ್ಳು ತಾನಾಗಿಯೇ ಬಾಯಿಗೆ ಬಂತು, ಸಮೀಕ್ಷೆಗೆ ಇವರದೊಂದು ರಕ್ತಪರೀಕ್ಷೆ ಬಾಕಿಯಿದೆ, ಇಲ್ಲೇ ಪಕ್ಕದ ಲ್ಯಾಬು, ಹೋಗಿ ಬಂದುಬಿಡ್ತೀವಿ. ನಾನೂ ಬರ್ತೀನಿ, ಎಂದ. ನನ್ನ ದನಿ ಎಲ್ಲಿಂದಲೋ, ನೀವು ಬರೋದು ಬೇಡ, ಪುಸ್ತಕದ ಹೊಸ ಮುದ್ರಣಕ್ಕೆ ನಿಮ್ಮ ಫೋಟೋ ಬೇಕು, ಬಂದ ತಕ್ಷಣ ತೆಗೀತೀನಿ, ಒಳ್ಳೇ ಶರ್ಟ್ ಹಾಕ್ಕೊಂಡಿರಿ. ನೋಡಿದ, ನನ್ನನ್ನು, ಅವಳನ್ನು, ಮತ್ತೆ ನನ್ನನ್ನು — ನೀಲಿದು ಹಾಕ್ಲಾ, ಎಂದ. ಹಾಕ್ಕೊಳ್ಳಿ. ಬೀರು ತೆರೆದ ಸದ್ದು, ಹೊರಗೆ ಬಂದೆವು, ಲಿಫ್ಟ್ ಬೇಡ, ಮೆಟ್ಟಿಲು, ಓಡಬೇಡ, ಓಡು, ಕಾರಿನ ಕೀಲಿ ತೂತಿಗೆ ಹೋಗುತ್ತಿಲ್ಲ, ಹೋಯಿತು, ಎಡಕ್ಕೆ ಅಕ್ಕ, ಆಮೇಲೆ ನೇರ, ಕನ್ನಡಿಯಲ್ಲಿ ನೀಲಿ ಶರ್ಟು, ಅವನೇ, ಅಲ್ಲ, ಯಾರೋ, ಮತ್ತೊಂದು ನೀಲಿ, ಊರಿಗೆ ಊರೇ ನೀಲಿ ಶರ್ಟು ಹಾಕಿಕೊಂಡು ಹೊರಟಿದೆ, ಸ್ಕೂಲಿನ ಗೇಟು, ಮಗಳು ಬಂದು ಹಿಂದೆ ಕೂತಳು, ಎಲ್ಲಿಗೆ ಎಂದು ಕೇಳಲಿಲ್ಲ, ಅಪ್ಪ ಬರ್ತಾರಾ ಎಂದು ಕೇಳಿದಳು, ಇಲ್ಲ, ಎಂದಳು ತಾಯಿ, ಎಲ್ಲಿಗೆ ಹೋಗಬೇಕು, ನನ್ನ ಮನೆಗೆ, ಪೊಲೀಸ್ ಠಾಣೆಗೆ, ಮೊದಲು ಏನಾದರೂ ತಿನ್ನಲು ಕೊಡಿಸಬೇಕು, ಸಿಗ್ನಲ್ಲು ಕೆಂಪು, ಅವಳು ಚಪ್ಪಲಿ ಹಾಕಿಕೊಳ್ಳದೇ ಬಂದಿದ್ದಾಳೆ, ಬರಿಗಾಲು, ಕನ್ನಡಿ ನೋಡು, ಹಿಂದೆ ಯಾರೂ ಇಲ್ಲ, ಮತ್ತೆ ನೋಡು, ಬರಿಗಾಲು, ಹಸಿರು ಬಂತು, ಯಾಕೆ ಹೊರಡುತ್ತಿಲ್ಲ ನಾನು, ಪಕ್ಕದಲ್ಲಿ ಅವಳ ಬರಿಗಾಲು, ಅಲ್ಲಿ ಪೆಡಲೇ ಇಲ್ಲ, ಬರೀ ರಬ್ಬರಿನ ಚಾಪೆ, ಆ ಬರಿಗಾಲು ಒತ್ತುತ್ತಿದೆ, ಒತ್ತುತ್ತಲೇ ಇದೆ —