ಮುನೇಶ್ವರನಿಗೆ ಹೇಳ್ಕೊಂಡ ಹುಂಜ

ನಂಗೆ ಬಾಯಿ ಜಾಸ್ತಿ ಅಂತ ಯಲ್ದೂರು ಸುತ್ತಮುತ್ತ ಎಲ್ಲರಿಗೂ ಗೊತ್ತು. ಮುತ್ಯಾಲಮ್ಮ ಅಂದ್ರೆ ಸಾಕು, "ಯಾರು, ಆ ಕೋಳಿ ಬೈಯೋ ಮುತ್ಯಾಲಮ್ಮನಾ?" ಅಂತಾರೆ. ಹೌದು, ಬೈತೀನಿ. ಬೆಳಗ್ಗೆ ಎದ್ದು, ರಾತ್ರಿ ಮುಚ್ಚಿದ್ದ ಮಂಕರಿ ಬುಟ್ಟಿ ಎತ್ತಿದ್ದೇ ತಡ, ಹದಿನಾಲ್ಕು ಕೋಳಿ ಒಂದರ ಮೇಲೊಂದು ಬಿದ್ಕೊಂಡು ನುಗ್ತವೆ. ಈಗಷ್ಟೇ ಗುಡಿಸಿ ನೀರು ಚಿಮುಕಿಸಿದ ಅಂಗಳನ ಕೆದರಿ ಗುಡ್ಡೆ ಹಾಕ್ತವೆ. ಬೈಯದೆ ಇನ್ನೇನು ಮುತ್ತು ಕೊಡ್ಲಾ? "ನಿಮ್ಮ ಮನೆ ಹಾಳಾಗ, ಬನ್ರೇ, ತಿನ್ರೇ" ಅಂತ ರಾಗಿ ಎರಚ್ತೀನಿ. ಬೈತಾ ಬೈತಾನೇ ಎಣಿಸ್ತೀನಿ. ಒಂದು ಕಮ್ಮಿ ಬಂದ್ರೆ ಎದೆ ಧಸಕ್ ಅನ್ನುತ್ತೆ.

ಇವುಗಳ ಚಾಕರಿ ಒಂದಾ ಎರಡಾ. ಮೊಟ್ಟೆ ಇಡೋ ಹೊತ್ತಾದ್ರೆ ಒಂದು ನನ್ನ ಹಿಂದೆ ಹಿಂದೆನೇ ಗೊಣಗ್ತಾ ಸುತ್ತುತ್ತೆ, ಮೂಲೆಯಲ್ಲಿ ಗೋಣಿಚೀಲ ಹಾಸಿಕೊಡೋವರೆಗೂ ಬಿಡಲ್ಲ. ಕಾವು ಬಂದ ಕೋಳಿ ಮುಟ್ಟಕ್ಕೆ ಹೋದ್ರೆ ಕೈ ರಕ್ತ ಬರೋ ಹಾಗೆ ಕುಕ್ಕುತ್ತೆ, ಆದ್ರೂ ದಿನಾ ಎಬ್ಬಿಸಿ ನೀರು ಕುಡಿಸಿ ಮತ್ತೆ ಕೂರಿಸಬೇಕು. ಮರಿಯಾದ ಮೇಲೆ ಮೇಲಿಂದ ಹದ್ದು, ಕೆಳಗಿಂದ ಮುಂಗುಸಿ. ಮಧ್ಯಾಹ್ನ ಮಲಗೋಣ ಅಂದ್ರೆ ಒಂದು ಕಿವಿ ಅಂಗಳದಲ್ಲೇ ಇರಬೇಕು. ಆದ್ರೂ ಹೇಳ್ತೀನಿ ಕೇಳಿ, ತಾಯಿ ಕೋಳಿ ರೆಕ್ಕೆ ಸಂದಿಯಿಂದ ಮರಿ ತಲೆ ಹಾಕಿ ನೋಡೋದು ನೋಡ್ತಾ ಕೂತ್ರೆ ನಂಗೆ ಹಸಿವೇ ಆಗಲ್ಲ.

ಎರಡು ವರ್ಷದ ಹಿಂದೆ ಪಕ್ಕದ ಮನೆ ಪರ್ವೀನ್ ಹನ್ನೊಂದು ಮೊಟ್ಟೆ ಸೆರಗಲ್ಲಿ ಕಟ್ಕೊಂಡು ಬಂದ್ಲು. "ಅಕ್ಕಾ, ನಮ್ಮ ಕೋಳಿ ಕಾವಿಗೇ ಕೂರ್ತಿಲ್ಲ, ನಿಮ್ಮದು ಕೂತಿದೆಯಲ್ಲ, ಇಟ್ಟುಬಿಡಿ, ಅರ್ಧ ಮರಿ ನಿಮಗೆ ಅರ್ಧ ನಮಗೆ." ಇಪ್ಪತ್ತೊಂದನೇ ದಿನಕ್ಕೆ ಹತ್ತು ಮರಿ ಆಯ್ತು. ಹನ್ನೊಂದನೇದು ಮೊಟ್ಟೆ ಒಡಕೊಂಡು ಕೊಕ್ಕು ಆಚೆ ಇಟ್ಟು ಅಲ್ಲೇ ನಿಂತುಬಿಡ್ತು. ನಾನು ಬೆಚ್ಚಗಿನ ನೀರಲ್ಲಿ ಬೆರಳು ಅದ್ದಿ ಅದ್ದಿ, ಚೂರು ಚೂರೇ ಸಿಪ್ಪೆ ಬಿಡಿಸಿ ಎತ್ತಿದೆ. ಒಂದು ಹಗಲೆಲ್ಲಾ ಮಡಿಲಲ್ಲೇ ಇಟ್ಕೊಂಡಿದ್ದೆ. ಅದೇ ಕೆಂಚ.

ಬೆಳೀತಾ ಬೆಳೀತಾ ಎಂಥ ಹುಂಜ ಆದ ಅಂತೀರ! ಮೈಯೆಲ್ಲಾ ಕೆಂಪು, ಬಾಲ ಹಸಿರು ಕಪ್ಪು. ನಮ್ಮೆಜಮಾನ ಮುನಿರಾಮಪ್ಪನ ಗಾಡಿ ಸೀಟಿನ ಮೇಲೆ ಕೂತು ಬೀದಿಗೆಲ್ಲಾ ಕೇಳೋ ಹಾಗೆ ಕೂಗೋನು. ಆಯಪ್ಪ ಗಾಡಿ ತೆಗೆಯಕ್ಕೆ ಹೋದ್ರೆ ಹಿಮ್ಮಡಿ ಕುಕ್ಕೋನು. ನಾನು ಅಕ್ಕಿ ಆರಿಸಕ್ಕೆ ಕೂತ್ರೆ ಮಾತ್ರ ಮಗು ಥರ ಬಂದು ತೊಡೆ ಹತ್ತೋನು. "ಕಟ್ಕೊಂಡ ಗಂಡನಿಗೆ ಆಮೇಲೆ ಅನ್ನ, ಆ ರಾಜನಿಗೆ ಮೊದಲು" ಅಂತ ಗೊಣಗೋನು ನಮ್ಮೆಜಮಾನ.

ಹೋದ ಬೇಸಿಗೆ, ತೋಟಗಳಲ್ಲಿ ಮಾವು ಬಲೀತಾ ಇರೋ ಹೊತ್ತಿಗೆ, ಊರ ಕೋಳಿಗಳಿಗೆಲ್ಲಾ ಕೊಕ್ಕರೆ ರೋಗ ಬಂತು. ಬೆಳಗ್ಗೆ ಕತ್ತು ಜೋಲು ಬಿಡೋದು, ಸಂಜೆಗೆ ಕಾಲು ಚಾಚೋದು. ನಾಲ್ಕು ದಿನದಲ್ಲಿ ನಂದು ಒಂಬತ್ತು ಹೋದ್ವು. ಪರ್ವೀನ್ ಮನೇಲಿ ಆರು. ಅವಳು ಶ್ರೀನಿವಾಸಪುರದ ದನದ ಆಸ್ಪತ್ರೆಗೆ ಓಡಿದ್ರೆ, "ರೋಗ ಬರೋಕ್ಕೆ ಮುಂಚೆನೇ ಸೂಜಿ ಹಾಕಿಸಬೇಕಮ್ಮ" ಅಂದು ಕಳಿಸಿದ್ರಂತೆ. ಇಬ್ಬರೂ ಸೇರಿ ಕೆರೆ ಅಂಚಲ್ಲಿ ಗುಂಡಿ ತೋಡಿ ಹೂತ್ವಿ. ಅವತ್ತು ನಾನು ಯಾರನ್ನೂ ಬೈಲಿಲ್ಲ.

ಐದನೇ ದಿನ ಮಧ್ಯಾಹ್ನ ನೋಡ್ತೀನಿ, ಕೆಂಚ ಗೋಡೆಗೊರಗಿ ಕಣ್ಣು ಮುಚ್ಚಿದ್ದಾನೆ. ಬೆಳ್ಳುಳ್ಳಿ ಅರೆದು ನುಂಗಿಸಿದೆ, ಗಂಟಲಿಗೆ ಹನಿಹನಿ ನೀರು ಬಿಟ್ಟೆ. ಏನು ಮಾಡಿದ್ರೂ ಕಣ್ಣು ತೆಗೀಲಿಲ್ಲ. ಆಗ ನನ್ನ ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿತ್ತೋ ಏನೋ. ಅರಿಶಿನದ ದಾರ ಕಾಲಿಗೆ ಕಟ್ಟಿ, ಕೆರೆ ಕಟ್ಟೆ ಕಡೆ ತಿರುಗಿ ಕೈ ಮುಗಿದು, "ಮುನೇಶ್ವರಾ, ಇವನೊಬ್ಬನ್ನ ಉಳಿಸಪ್ಪ. ಉಳಿಸಿದ್ರೆ ಇವನನ್ನೇ ನಿನಗೆ ಕೊಡ್ತೀನಿ" ಅಂದುಬಿಟ್ಟೆ.

ನಮ್ಮ ಕಡೆ ಹಂಗೇ. ಏನೇ ಕಷ್ಟ ಬಂದ್ರೂ ಮುನೇಶ್ವರನಿಗೆ ಕೋಳಿ ಕೊಯ್ತೀವಿ ಅಂತ ಹೇಳ್ಕೊಳೋದು. ನಾಲಿಗೆಗೆ ಅಭ್ಯಾಸ ಆಗಿಹೋಗಿದೆ, ಬಂದುಬಿಡ್ತು.

ಮೂರು ದಿನಕ್ಕೆ ಕೆಂಚ ಎದ್ದು ರಾಗಿ ಕುಕ್ಕಿದ. ನಾನು ಕುಣಿದಾಡ್ತಾ ನಮ್ಮೆಜಮಾನನಿಗೆ ಹೇಳ್ದೆ. ಆಯಪ್ಪ ಬೀಡಿ ಕೈಲಿ ಹಿಡಕೊಂಡು ನನ್ನ ಮುಖಾನೇ ನೋಡ್ದ. "ಲೇ, ಪ್ರಾಣ ಉಳಿಸು ಅಂತ ಕೇಳ್ಕೊಂಡು, ಅದೇ ಪ್ರಾಣ ಕೊಡ್ತೀನಿ ಅಂದ್ಯಾ?" ಅಂತ ಹೊಟ್ಟೆ ಹಿಡಕೊಂಡು ನಕ್ಕ. ನಂಗೆ ಆಗಲೇ ಹೊಳೆದಿದ್ದು ನಾನೇನು ಮಾಡ್ಕೊಂಡಿದ್ದೀನಿ ಅಂತ.

ದಿನ ತಳ್ಳಿದೆ. ಈ ವಾರ ಮೈಲಿಗೆ, ಮುಂದಿನ ವಾರ ಅಮಾವಾಸ್ಯೆ, ಅದರ ಮುಂದಿನ ವಾರ ಸೊಂಟ ನೋವು. ನಮ್ಮೆಜಮಾನನೂ ಮೊದಮೊದಲು ತಮಾಷೆ ಮಾಡ್ಕೊಂಡಿದ್ದ. ಆಮೇಲೆ ಮಗಳು ರಮ್ಯ ಮುಳಬಾಗಿಲಿಂದ ಹೆರಿಗೆಗೆ ಬಂದ್ಲು. ಬಂದ ವಾರಕ್ಕೇ ಅವಳ ಕಾಲು ಊದಿಕೊಂಡು, ಡಾಕ್ಟ್ರು ಬಿಪಿ ಜಾಸ್ತಿ ಅಂದ್ರು. ಅವತ್ತಿಂದ ಆಯಪ್ಪ ನಗೋದು ನಿಲ್ಲಿಸಿದ. "ದೇವ್ರ ಬಾಕಿ ಮನೇಲಿ ಇಟ್ಕೊಂಡು ಹೆರಿಗೆ ಮಾಡಿಸಬಾರದು ಕಣೇ. ಭಾನುವಾರ ಮುಗಿಸಿಬಿಡೋಣ" ಅಂದ. ರಮ್ಯ ವಿಷಯಕ್ಕೆ ನಾನು ಎದುರಾಡಕ್ಕಾಗುತ್ತಾ? ಅವಳೂ ನನ್ನ ಮಡಿಲಲ್ಲೇ ಬೆಳೆದೋಳು. ಹೂಂ ಅಂದೆ.

ಪರ್ವೀನ್ ಕೇಳಿ ಓಡಿ ಬಂದ್ಲು. "ಅರೇ ಅಕ್ಕಾ, ನಮ್ಮನೇಲಿ ಉಳಿದಿರೋ ಹುಂಜ ಎರಡೂ ತಗೊಂಡು ಹೋಗಿ. ಒಂದಕ್ಕೆ ಎರಡು ಕೊಟ್ರೆ ನಿಮ್ಮ ದೇವ್ರು ಬೇಡ ಅಂತಾರಾ?" ಅವಳ ಕೈಲಿ ಉಳಿದಿದ್ದೇ ಅಷ್ಟು, ಅದನ್ನೂ ಕೊಡಕ್ಕೆ ಬಂದಿದ್ಲು ಪಾಪ. ನಾನು ಆಸೆಯಿಂದ ಪೂಜಾರಿ ಕದಿರೇಶನ ಪಂಕ್ಚರ್ ಅಂಗಡಿಗೆ ಹೋದೆ. ಅವನು ಟ್ಯೂಬು ಉಜ್ಜೋದು ನಿಲ್ಲಿಸಿ, "ಒಂದು ಕೋಳಿ ಅಂದಿದ್ರೆ ಯಾವುದಾದ್ರೂ ಆಗ್ತಿತ್ತು ದೊಡ್ಡಮ್ಮ. ಇವನನ್ನೇ ಅಂದಿದ್ದೀಯ, ದಾರಾನೂ ಕಟ್ಟಿದ್ದೀಯ. ಬದಲಾಯಿಸಕ್ಕೆ ಬರಲ್ಲ" ಅಂದ. ಅವನನ್ನ ಒಂದು ಗಂಟೆ ಬೈದು ಬಂದೆ. ಅವನದೇನು ತಪ್ಪು, ಆದ್ರೂ ಬೈದೆ.

ಭಾನುವಾರ ಬೆಳಗ್ಗೆ ಕೆಂಚನಿಗೆ ರಾಗಿ ಹಾಕ್ಲಿಲ್ಲ, ಅನ್ನಕ್ಕೆ ಮೊಸರು ಕಲಸಿ ಹಾಕಿದೆ. ಕಂಕುಳಲ್ಲಿಟ್ಕೊಂಡು ಕೆರೆ ಕಟ್ಟೆ ಹತ್ತಿದೆ. ದಾರಿಯುದ್ದಕ್ಕೂ ಅವನ ಎದೆ ನನ್ನ ಕೈಗೆ ಹೊಡ್ಕೊಳ್ತಾ ಇತ್ತು. ಮುಂದೆ ನಮ್ಮೆಜಮಾನ ಕಾಯಿ, ಊದುಬತ್ತಿ ಹಿಡಕೊಂಡು ಹಿಂತಿರುಗಿ ನೋಡದೆ ಹೋಗ್ತಿದ್ದ.

ಬೇವಿನ ಮರದ ಕೆಳಗೆ ಮೂರು ಕಲ್ಲು, ಅದೇ ನಮ್ಮ ಮುನೇಶ್ವರ. ಕದಿರೇಶ ಪೂಜೆ ಮಾಡಿ, ಕೆಂಚನ ತಲೆ ಮೇಲೆ, ಬೆನ್ನ ಮೇಲೆ ತೀರ್ಥ ಹಾಕಿದ. ಗೊತ್ತಲ್ಲ, ಕೋಳಿ ಮೈ ಕೊಡವಿದ್ರೆ ದೇವ್ರು ಒಪ್ಪಿದ ಅಂತ. ಕೊಡವೋವರೆಗೂ ಕತ್ತಿ ಮುಟ್ಟಂಗಿಲ್ಲ. ಕೆಂಚ ಕೊಡವಲಿಲ್ಲ. ಸುಮ್ಮನೆ ನನ್ನನ್ನೇ ನೋಡ್ತಾ ನಿಂತಿದ್ದ. ಎರಡನೇ ಸಲ ಹಾಕಿದ. ಮೂರನೇ ಸಲ ಚೊಂಬೇ ಬಗ್ಗಿಸಿದ. ಊಹೂಂ.

"ಮನೆಯೋರಿಗೆ ಯಾರಿಗೋ ಮನಸ್ಸಿಲ್ಲ. ಏನಿದ್ರೂ ಬಾಯಿ ಬಿಟ್ಟು ಹೇಳ್ಕೊಂಬಿಡಿ" ಅಂದ ಕದಿರೇಶ.

ನಮ್ಮೆಜಮಾನ ನೆಲಕ್ಕೆ ಹಣೆ ಹಚ್ಚಿದ. "ತಡ ಮಾಡಿದ್ದು ತಪ್ಪಾಯ್ತಪ್ಪ, ಹೊಟ್ಟೆಗೆ ಹಾಕ್ಕೋ." ಕೆಂಚ ಅಲ್ಲಾಡಲಿಲ್ಲ.

ನಂಗೆ ತಡೆಯಕ್ಕಾಗ್ಲಿಲ್ಲ. ದೇವ್ರು ಅಂತಾನೂ ನೋಡ್ದೆ ಕೂಗಾಡಿಬಿಟ್ಟೆ. "ನಂಗೇ ಕಣಪ್ಪ ಮನಸ್ಸಿಲ್ಲದಿರೋದು! ನಾನು ಪೆದ್ದಿ, ಏನೋ ಅಂದೆ. ಕೇಳಿಸ್ಕೊಳೋ ನಿನಗಾದ್ರೂ ಬುದ್ಧಿ ಬೇಡ್ವಾ? ಇವನು ನನ್ನ ಕಣ್ಣ ಮುಂದೆ ಓಡಾಡ್ಕೊಂಡಿರ್ಲಿ ಅಂತ ತಾನೇ ಉಳಿಸು ಅಂದಿದ್ದು? ಕೊಡಕ್ಕೆ ನಂಗೆ ಇಷ್ಟ ಇಲ್ಲ, ಒಂದು ಚೂರೂ ಇಷ್ಟ ಇಲ್ಲ. ಬೇಕೇ ಬೇಕು ಅಂದ್ರೆ ಅಳ್ತಾ ಕೊಡ್ತೀನಿ, ತಗೋ. ನನ್ನ ಮಗಳ ತಂಟೆಗೆ ಮಾತ್ರ ಬರಬೇಡ!"

ಕೆಂಚ ಮೈ ಕೊಡವಿದ. ನೀರೆಲ್ಲಾ ನಮ್ಮ ಮುಖಕ್ಕೆ ಹಾರ್ತು.

"ಆಯ್ತು, ಒಪ್ಪಿಗೆ ಕೊಟ್ಟ" ಅಂತ ಕದಿರೇಶ ಕತ್ತಿ ತಗೊಂಡ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದೆ.

"ತಡಿಯೋ ಕದಿರೇಶ," ಅಂದ ನಮ್ಮೆಜಮಾನ. "ಒಪ್ಪಿದ್ದು ಯಾವುದಕ್ಕೆ? ನೀನು ಮೂರು ಸಲ ನೀರು ಹಾಕ್ದೆ, ಒಪ್ಪಲಿಲ್ಲ. ನಾನು ಅಡ್ಡಬಿದ್ದೆ, ಒಪ್ಪಲಿಲ್ಲ. ಇವಳು ಇಷ್ಟ ಇಲ್ಲ ಅಂದ ಮೇಲೆ ತಾನೇ ಕೊಡವಿದ್ದು? ಹಂಗಾದ್ರೆ ಇವಳ ಮಾತಿಗೇ ಒಪ್ಪಿದ್ದಾನೆ."

ಕದಿರೇಶ ದೇವ್ರನ್ನ ನೋಡ್ದ, ಕೋಳಿನ ನೋಡ್ದ, ನನ್ನ ಮುಖ ನೋಡ್ದ. "ಇಷ್ಟು ವರ್ಷಕ್ಕೆ ಇಂಥ ಕೇಸು ಇದೇ ಮೊದಲು" ಅಂತ ಕತ್ತಿ ಕೆಳಗಿಟ್ಟ. ಕಾಯಿ ಒಡೆದು, ಕಾಲಿನ ದಾರ ಬಿಚ್ಚಿ, "ಕರ್ಕೊಂಡು ಹೋಗಿ" ಅಂದ.

ಕಟ್ಟೆ ಇಳೀತಾ ಕೆಂಚನ್ನ ನಮ್ಮೆಜಮಾನನೇ ಎತ್ತಿಕೊಂಡಿದ್ದ. "ನಿಜವಾಗ್ಲೂ ದೇವ್ರು ಹಂಗೇ ಅಂದ ಅಂತೀಯಾ?" ಅಂತ ಕೇಳ್ದೆ.

"ನಂಗೇನು ಗೊತ್ತು. ನೀನು ಅಳೋದು ನೋಡಕ್ಕಾಗ್ಲಿಲ್ಲ, ಅಷ್ಟೇ" ಅಂದ. ನಾಲ್ಕು ಹೆಜ್ಜೆ ಆದ ಮೇಲೆ ಮೆಲ್ಲಗೆ ಹೇಳ್ದ, "ನನ್ನ ಮಾತು ತಪ್ಪಾಗಿದ್ರೆ ಮಗಳಿಗೆ ಏನೂ ಮಾಡಬೇಡ, ಬದಲಿಗೆ ನನ್ನ ಕರ್ಕೋ ಅಂತ ಮುನೇಶ್ವರನಿಗೆ ಹೇಳ್ಕೊಂಡಿದ್ದೀನಿ."

ನಂಗೆ ಮೈಯೆಲ್ಲಾ ಉರಿದುಹೋಯ್ತು. "ನಿನ್ನ ಬಾಯಿಗೆ ಮಣ್ಣು ಹಾಕ! ಯಾರು ಹೇಳಿದ್ರು ನಿಂಗೆ ಹಂಗೆ ಹೇಳ್ಕೊಳಕ್ಕೆ? ಯಾರನ್ನ ಕೇಳಿ ಹೇಳ್ಕೊಂಡೆ?" ನಡು ದಾರೀಲಿ ನಿಂತು ಅಳ್ತಾ ಬೈದೆ. ಆಯಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದ, ಕಂಕುಳಲ್ಲಿ ಕೆಂಚ.

ಇಬ್ಬರನ್ನೂ ಅಲ್ಲೇ ಬಿಟ್ಟು ನಾನೊಬ್ಬಳೇ ವಾಪಸ್ಸು ಕಟ್ಟೆ ಹತ್ತಿದೆ. ಕದಿರೇಶ ಹೊರಟುಹೋಗಿದ್ದ. ಕಲ್ಲಿನ ಮುಂದೆ ಮಂಡಿಯೂರಿ, "ಆಯಪ್ಪ ಅಂದಿದ್ದನ್ನ ಲೆಕ್ಕಕ್ಕೆ ತಗೋಬೇಡ, ಅವನು ನನಗಿಂತ ಪೆದ್ದ. ಅವನನ್ನ ಉಳಿಸು, ಮಗಳನ್ನ ಉಳಿಸು" ಅಂದೆ.

ಬದಲಿಗೆ ಏನು ಕೊಡ್ತೀನಿ ಅಂತ ಈ ಸಲ ಬಾಯಿ ಬಿಡ್ಲಿಲ್ಲ.