ರಾಳದ ಬೊಡ್ಡೆ

ಯಾಲ್ಮರಿ ಬೀಸಿದ ಗುದ್ದಲಿ ನೆಲಕ್ಕೆ ಬಡಿದು ಕಿಡಿ ಹಾರಿಸಿ ಪುಟಿಯಿತು. ಸತ್ತ ಅಣ್ಣನಿಗೆ ತೋಡುತ್ತಿದ್ದ ಗುಂಡಿ ಇನ್ನೂ ಗೇಣುದ್ದವೂ ಇಳಿದಿರಲಿಲ್ಲ. ಹೆಪ್ಪುಗಟ್ಟಿದ ನೆಲ ಕರಗಿಸಲೆಂದು ಬೆಳಿಗ್ಗೆಯೇ ಹಚ್ಚಿದ್ದ ಬರ್ಚ್ ಸೌದೆ, ಹಿಮ ಬೆರೆತ ಮಳೆಗೆ ತೊಯ್ದು ಬರೀ ಹೊಗೆಯುತ್ತಿತ್ತು.

"ಆಗಲ್ಲ ಅತ್ತಿಗೆ. ಇದು ನೆಲ ಅಲ್ಲ, ಕಬ್ಬಿಣ. ಪೆಟ್ಟಿಗೇನ ಚರ್ಚಿನ ಗಂಟೆಗೋಪುರದ ಕೆಳಗೆ ಇಡೋಣ. ಮೇ ತಿಂಗಳಲ್ಲಿ ಮಣ್ಣು ಮಾಡಿದ್ರಾಯ್ತು."

"ಅಲ್ಲಿ ಇಲಿ ಇರೋದು ಮರೆತೆಯಾ?" ಎಂದಳು ಸೈಮಾ.

ಯಾಲ್ಮರಿ ತಲೆ ತಗ್ಗಿಸಿದ. ಹೋದ ಚಳಿಗಾಲ ಅವಳ ಹಸುಗೂಸಿನ ಪೆಟ್ಟಿಗೆಯೂ ಅಲ್ಲೇ ವಸಂತಕ್ಕಾಗಿ ಕಾದಿತ್ತು. ಎತ್ತುವಾಗ ಮೂಲೆಯಲ್ಲಿ ತೂತು. ಅಣ್ಣ ತಾವೆತ್ತಿ ಅಂಗೈಯಿಂದ ಅದನ್ನು ಮುಚ್ಚಿಕೊಂಡೇ ಗುಂಡಿಯವರೆಗೆ ನಡೆದಿದ್ದ, ಹೆಂಡತಿಗೆ ಕಾಣಬಾರದೆಂದು. ಅವಳು ಕಂಡಿದ್ದಳು.

"ಕತ್ತಲಾಗೋದರೊಳಗೆ ನಾನು ಸರೋವರ ದಾಟಬೇಕಮ್ಮ," ಎಂದರು ಪಾದ್ರಿ. "ಮತ್ತೆ ಈ ಕಡೆ ಬರೋದು ಈಸ್ಟರ್‌ಗೇ."

"ಕತ್ತಲಾಗೋವರೆಗೆ ಇರ್ತೀರಲ್ಲ?"

ಸೈಮಾ ಕೊಡಲಿ ಎತ್ತಿಕೊಂಡು ಕಾಡಿಗೆ ನುಗ್ಗಿದಳು.

*

ಮದುವೆಯಾದ ಹೊಸತು. ತಾವೆತ್ತಿ ಊಲು ಹೊಳೆಯಲ್ಲಿ ದಿಮ್ಮಿ ತೇಲಿಸುವ ಕೂಲಿ. ಊರಲ್ಲಿ ಮೂಗ, ಕಾಡಲ್ಲಿ ವಾಚಾಳಿ. ಸಿಕ್ಕಸಿಕ್ಕ ಪೈನ್ ಬೊಡ್ಡೆಗೆಲ್ಲ ಒದೆಯುತ್ತ ನಡೆಯುತ್ತಿದ್ದ.

"ಹುಚ್ಚಾ ನಿಂಗೆ? ಅವೇನು ಮಾಡಿದ್ವು ಪಾಪ?"

"ಕೊಳೆತು ಲಡ್ಡಾಗಿದ್ರೆ ಪುಡಿಯಾಗುತ್ತೆ. ರಾಳ ತುಂಬಿದ್ರೆ ನನ್ನ ಕಾಲೇ ಮುರಿಯುತ್ತೆ." ಅಷ್ಟರಲ್ಲಿ ಹೆಬ್ಬೆರಳು ಹಿಡಿದುಕೊಂಡು ಕುಂಟುತ್ತ ಕುಣಿದ. "ಸಿಕ್ತು! ಇದು ಮಳೇಲೂ ಉರಿಯುತ್ತೆ. ನೋಡೇ, ಮರ ಕಡಿದ್ರೂ ಬೇರು ರಾಳ ಕಳಿಸ್ತಾನೇ ಇರುತ್ತೆ. ಮೇಲೆ ಯಾರೂ ಇಲ್ಲ ಅಂತ ಅದಕ್ಕೆ ಹೇಳೋರು ಯಾರು?"

ಕೊನೆಗೆ ಅವನನ್ನು ಕೊಂದದ್ದು ಉರುಳಿದ ಒಂದು ದಿಮ್ಮಿ.

*

ಹಿಮ ಕೆದರಿ ಒದ್ದ ಬೊಡ್ಡೆಗಳೆಲ್ಲ ಹಿಟ್ಟಾಗಿ ಉದುರಿದವು. ಬೆಳಕು ಇಳಿಯುತ್ತಿತ್ತು.

"ಎಲ್ಲಿದೆಯೋ ಪಾಪಿ? ಒಂದಾದರೂ ತೋರಿಸು!" ಎಂದು ಸೈಮಾ ಸತ್ತವನನ್ನು ಬೈದಳು. ಮುಂದಿನ ಒದೆತಕ್ಕೆ ಕಾಲಿನಿಂದ ನೆತ್ತಿಯವರೆಗೆ ನೋವು ಸಿಡಿಯಿತು. ಅಲ್ಲೇ ಕುಸಿದು, ಅವನು ಸತ್ತ ಮೇಲೆ ಮೊದಲ ಸಲ, ಬಾಯಿಬಿಟ್ಟು ಅತ್ತಳು. ಅಳುತ್ತಲೇ ಕೊಡಲಿ ಬೀಸಿದಳು. ಕೊಳೆತ ಹೊರಮೈ ಕಳಚಿ ಒಳಗೆ ಜೇನುಬಣ್ಣದ ತಿರುಳು ಕಂಡಿತು. ಘಾಟು ಮೂಗಿಗೆ ಹೊಡೆಯಿತು.

ಗುಂಡಿಯಲ್ಲಿ ಒಂದೇ ಬೆಂಕಿಕಡ್ಡಿಗೆ ಅದರ ಸಿಬಿರುಗಳು ಕರಿಹೊಗೆ ಕಾರಿ ಭುಗಿಲೆಂದವು. ಒದ್ದೆ ಬರ್ಚ್ ಚಿಟಿಗುಟ್ಟಿ ಸೋತು ಹೊತ್ತಿಕೊಂಡಿತು. ಕೆಂಡ ಸರಿಸಿ ಅಗೆದರು, ಮತ್ತೆ ಉರಿಸಿದರು. ಪಾದ್ರಿ ಒಮ್ಮೆ ಆಕಾಶ ನೋಡಿದರು. ಆಮೇಲೆ ಕೋಟು ಕಳಚಿ ಸನಿಕೆ ಹಿಡಿದರು.

ಮಣ್ಣು ಮುಚ್ಚುವ ಹೊತ್ತಿಗೆ ಹಿಮ ದಟ್ಟವಾಗಿ ಬೀಳತೊಡಗಿತು. ಶಿಲುಬೆಗಳು, ಗೋಡೆ, ನಿಂತವರ ಹೆಗಲು ಎಲ್ಲ ಬೆಳ್ಳಗಾದವು. ತಾವೆತ್ತಿಯ ದಿಣ್ಣೆ ಮಾತ್ರ ಕರ್ರಗೆ ಹಬೆಯಾಡುತ್ತಿತ್ತು.